ಹೆಸರು ಬಿಡಿ, ಸರ್ವೆ ನಂಬರ್ ಹಿಡಿಯಿರಿ: ಉತ್ತರ ಕನ್ನಡದ ರೈತ ಮನೆತನದ ಹಿರಿಯರನ್ನು ಹುಡುಕುವ ಕ್ರಮ

ನಮ್ಮ ಜಿಲ್ಲೆಯಲ್ಲಿ ಮನೆತನದ ವಂಶಾವಳಿ ಬರೆಯಲು ಕೂತವರು ಸಾಮಾನ್ಯವಾಗಿ ಮೂರನೇ ತಲೆಮಾರಿಗೆ ನಿಂತುಬಿಡುತ್ತಾರೆ. ಅದಕ್ಕೆ ಮುಖ್ಯ ಕಾರಣ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಘಟ್ಟದ ಮೇಲೂ ಇದೆ, ಕರಾವಳಿಯಲ್ಲೂ ಇದೆ. ರಾಮನ ಮಗ ಗಣಪತಿ, ಗಣಪತಿಯ ಮಗ ರಾಮ, ಅವನ ಮಗ ಮತ್ತೆ ಗಣಪತಿ. ಅದರ ಮೇಲೆ ಒಂದು ಊರಲ್ಲಿ ಎಲ್ಲರೂ ಹೆಗಡೆ, ಇನ್ನೊಂದು ಊರಲ್ಲಿ ಎಲ್ಲರೂ ಗೌಡ, ಮತ್ತೊಂದರಲ್ಲಿ ಎಲ್ಲರೂ ನಾಯ್ಕ. ಬರೀ ಹೆಸರು ನೋಡಿ ಹಿಂದೆ ಹೋದರೆ ಪಕ್ಕದ ಮನೆಯ ಮುತ್ತಜ್ಜ ನಿಮ್ಮ ಪಟ್ಟಿಗೆ ಬಂದು ಸೇರಿರುತ್ತಾನೆ, ನಿಮಗೆ ಗೊತ್ತೂ ಆಗುವುದಿಲ್ಲ.

ಜಮೀನಿಗೆ ಈ ತೊಂದರೆ ಇಲ್ಲ. ತೋಟ ಎಲ್ಲಿಗೂ ಹೋಗುವುದಿಲ್ಲ, ಗದ್ದೆಯೂ ಹೋಗುವುದಿಲ್ಲ. ಸರ್ಕಾರ ಅದಕ್ಕೊಂದು ನಂಬರ್ ಕೊಟ್ಟಿದೆ, ಆ ನಂಬರಿನ ಮೇಲೆ ಒಬ್ಬರಾದ ಮೇಲೆ ಒಬ್ಬರ ಹೆಸರು ಬರೆದಿಟ್ಟಿದೆ. ಹಾಗಾಗಿ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಿ, ಮನುಷ್ಯರು ತಾವಾಗಿ ಸಿಗುತ್ತಾರೆ ಅನ್ನುವುದು ನಾನು ಎಲ್ಲರಿಗೂ ಹೇಳುವ ಮಾತು.

ಕಚೇರಿಗೆ ಹೋಗುವ ಮೊದಲು ಮನೆಯಲ್ಲೇ ಮಾಡುವ ಕೆಲಸ ಒಂದಿಷ್ಟಿದೆ. ಹಿರಿಯರ ಹತ್ತಿರ ಕೂತು "ನಿಮ್ಮ ಅಜ್ಜನ ಅಪ್ಪ ಯಾರು" ಅಂತ ನೇರವಾಗಿ ಕೇಳಿದರೆ ಅರ್ಧ ಜನಕ್ಕೆ ನೆನಪಾಗುವುದಿಲ್ಲ. ಬೇರೆ ರೀತಿ ಕೇಳಿ. ಯಾರ ಮನೆಯ ಸೂತಕ ನಮಗೆ ಬರುತ್ತದೆ? ಹತ್ತು ದಿನದ್ದು ಯಾರದು, ಮೂರು ದಿನದ್ದು ಯಾರದು? ಹೆಸರು ಮರೆತವರೂ ಸೂತಕ ಮರೆತಿರುವುದಿಲ್ಲ. ಆ ಮನೆಗಳ ಪಟ್ಟಿ ಮಾಡಿದರೆ ನಿಮ್ಮ ದಾಯಾದಿಗಳ ನಕ್ಷೆ ಅರ್ಧ ಮುಗಿದ ಹಾಗೆಯೇ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರನ್ನೂ ಹೇಳಲೇಬೇಕು, ಆದ್ದರಿಂದ ಪುರೋಹಿತ ಭಟ್ಟರ ಬಾಯಲ್ಲಿ ಅಥವಾ ಚೀಟಿಯಲ್ಲಿ ಆ ಹೆಸರುಗಳು ಇರುತ್ತವೆ. ಹಾಲಕ್ಕಿ ಒಕ್ಕಲಿಗರಲ್ಲಾದರೆ ಸಮುದಾಯದ ಹುದ್ದೆ ಹೊತ್ತ ಊರ ಗೌಡ, ಬುಧವಂತ, ಕೋಲಕಾರ ಇವರ ಮನೆಯ ಹಿರಿಯರನ್ನು ಕಾಣಿ. ಯಾವ ಬಳಿಯವರು (ಬಳಿ ಅಂದರೆ ಕುಲ), ಯಾವ ಊರಿಂದ ಯಾವ ಕೊಪ್ಪಕ್ಕೆ (ಕೇರಿಗೆ) ಬಂದರು ಅನ್ನುವುದು ಅವರಿಗೆ ಬಾಯಿಪಾಠ. ಊರದೇವರ ಬಂಡಿಹಬ್ಬದಲ್ಲಿ ಯಾವ ಮನೆಗೆ ಯಾವ ಮರ್ಯಾದೆ ಸಲ್ಲುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಹಳೇ ಮನೆ ಯಾವುದು, ಆಮೇಲೆ ಬಂದದ್ದು ಯಾವುದು ಅಂತ ಅದರಲ್ಲಿ ಸುಳಿವು ಸಿಗುತ್ತದೆ.

ಇನ್ನೊಂದು ಮಾತು. ಹೊರಗೆ ಮದುವೆ ಮಾಡಿ ಕೊಟ್ಟ ಅತ್ತೆಯಂದಿರು, ಅಜ್ಜಿಯಂದಿರು ಇದ್ದರೆ ಮೊದಲು ಅವರ ಹತ್ತಿರ ಹೋಗಿ. ತವರಿನ ಜಗಳ, ಹಿಸೆ (ಆಸ್ತಿ ಪಾಲು), ಯಾರು ಯಾಕೆ ಮನೆ ಬಿಟ್ಟು ಹೋದರು ಎಲ್ಲ ಅವರಿಗೆ ಗಂಡಸರಿಗಿಂತ ಜಾಸ್ತಿ ನೆನಪಿರುತ್ತದೆ. ಅವರು ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಹೇಳಿಯೇ.

ಈಗ ಪಹಣಿ, ಅಂದರೆ ಜಮೀನು ಯಾರದು, ಉಳುವವರು ಯಾರು ಅಂತ ಬರೆದಿರುವ ಕಂದಾಯ ದಾಖಲೆ. ನಿಮ್ಮ ಮೂಲಮನೆಯ ಜಮೀನಿನ ಇವತ್ತಿನ ಪಹಣಿ ತೆಗೆಯಿರಿ, ಭೂಮಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಅದರಲ್ಲಿ ಖಾತೆದಾರರ ಹೆಸರಿನ ಹತ್ತಿರ ಆ ಹಕ್ಕು ಹೇಗೆ ಬಂತು ಅಂತ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಇರುತ್ತದೆ. ನಿಮಗೆ ಬೇಕಾದದ್ದು ಅದೇ. 2000ರ ಆಸುಪಾಸಿನಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಅದಕ್ಕಿಂತ ಹಿಂದಿನದೆಲ್ಲ ಕೈಬರಹ. ಕೈಬರಹದ್ದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ, ಹಾಗಾಗಿ ನಿಮ್ಮ ತಾಲೂಕಿನದು ಆಗಿದೆಯಾ ಅಂತ ಮೊದಲು ವಿಚಾರಿಸಿ.

ಅರ್ಜಿ ಕೊಡುವಾಗ "ನಮ್ಮ ಜಮೀನಿನ ಹಳೇ ದಾಖಲೆ ಕೊಡಿ" ಅಂತ ಸುಮ್ನೆ ಬರೆದರೆ ಏನೂ ಸಿಗುವುದಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ನಂಬರ್, ಯಾವ ವರ್ಷದಿಂದ ಯಾವ ವರ್ಷದವರೆಗಿನ ಪಹಣಿ, ಯಾವ ನಂಬರಿನ ಮ್ಯುಟೇಶನ್ ಅಂತ ಸ್ಪಷ್ಟವಾಗಿ ಬರೆಯಿರಿ. ದೃಢೀಕೃತ ನಕಲನ್ನೇ ಕೇಳಿ. ಮುಂದೆ ಯಾವುದಕ್ಕಾದರೂ ಬೇಕಾದರೆ ಫೋಟೋ ನಡೆಯುವುದಿಲ್ಲ.

ಕೈಬರಹದ ಪುಟ ಕೈಗೆ ಬಂದ ಮೇಲೆ ಅವಸರ ಮಾಡಬೇಡಿ. ಸತ್ತವರ ಅಥವಾ ಮಾರಿದವರ ಹೆಸರಿಗೆ ಗೆರೆ ಎಳೆದಿರುತ್ತಾರೆ ಇಲ್ಲವೇ ಕಂಸ ಹಾಕಿರುತ್ತಾರೆ, ಅದರ ಕೆಳಗೆ ಹೊಸ ಹೆಸರು, ಪಕ್ಕದಲ್ಲಿ ಒಂದು ಸುತ್ತು ಹಾಕಿ ನಂಬರ್. ಆ ಸುತ್ತಿನೊಳಗಿನ ನಂಬರನ್ನೇ ಹಕ್ಕು ಬದಲಾವಣೆ ಪುಸ್ತಕದಲ್ಲಿ ಹುಡುಕಬೇಕು. ಹಳೇ ಪುಟಗಳಲ್ಲಿ ಎಂ.ಇ. (ಮ್ಯುಟೇಶನ್ ಎಂಟ್ರಿ) ಅಂತ ಇರುತ್ತದೆ, ಈಚಿನದರಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್). ಪ್ರತಿ ಗ್ರಾಮಕ್ಕೆ ಬೇರೆ ಪುಸ್ತಕ, ಬೇರೆ ಸರಣಿ. ಗ್ರಾಮ ತಪ್ಪಿದರೆ ನಂಬರ್ ಸರಿ ಇದ್ದರೂ ಬೇರೆ ಯಾರದೋ ಮನೆ ಕಥೆ ಓದುತ್ತಿರುತ್ತೀರಿ.

ಹಕ್ಕು ಬದಲಾವಣೆ ಪುಸ್ತಕದಲ್ಲಿ ವಾರಸಾ ನೋಂದಣಿ ಸಿಕ್ಕಿತೆಂದರೆ ಅದಕ್ಕಿಂತ ದೊಡ್ಡ ಸಂಪತ್ತಿಲ್ಲ. ಅಂಥ ಒಂದು ನಮೂದು ಹೀಗಿದೆ ಅಂದುಕೊಳ್ಳಿ: ಖಾತೆದಾರ ಗಣಪತಿ ಬಿನ್ ರಾಮ ಇಂಥ ದಿನ ಮರಣ ಹೊಂದಿದ್ದು, ಅವರಿಗೆ ಹೆಂಡತಿ ಇಂಥವಳು, ಗಂಡುಮಕ್ಕಳು ಇಬ್ಬರು, ಒಬ್ಬನಿಗೆ 22 ವರ್ಷ, ಇನ್ನೊಬ್ಬ ಅಜ್ಞಾನಿ, ಅವನ ಪರವಾಗಿ ತಾಯಿ ಪಾಲಕಿ. ನಾಲ್ಕು ಸಾಲು ಅಷ್ಟೇ. ಆದರೆ ಅದರಲ್ಲಿ ಮೂರು ತಲೆಮಾರು ಇದೆ, ಸಾವಿನ ದಿನಾಂಕ ಇದೆ, ಮಕ್ಕಳ ಅಂದಾಜು ಹುಟ್ಟಿದ ವರ್ಷ ಇದೆ, ಬೇರೆ ಎಲ್ಲೂ ಸಿಗದ ಅಜ್ಜಿಯ ಹೆಸರು ಇದೆ. ಇಲ್ಲಿ ಅಜ್ಞಾನಿ ಅಂದರೆ ವಯಸ್ಸಿಗೆ ಬಾರದವನು. ಹೀಗೆ ಒಂದು ನಮೂದಿನಿಂದ ಅದರ ಹಿಂದಿನ ನಮೂದಿಗೆ ಹೋಗುತ್ತಾ ಇರಿ. ನಮ್ಮ ಜಿಲ್ಲೆ ಆಗ ಬೊಂಬಾಯಿ ಇಲಾಖೆಯಲ್ಲಿತ್ತು, ಅಲ್ಲಿ ಹಕ್ಕುದಾಖಲೆಯ ಕಾನೂನು ಬಂದದ್ದು 1903ರಲ್ಲಿ. ಆದ್ದರಿಂದ ಈ ಸರಪಳಿ ಸುಮಾರಾಗಿ 20ನೇ ಶತಮಾನದ ಮೊದಲ ದಶಕಗಳವರೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ.

ಓದುವಾಗ ಮೂರು ಕಡೆ ಎಡವುವ ಸಂಭವ ಜಾಸ್ತಿ. ಒಂದು, ಕೂಡುಕುಟುಂಬ. ಅಣ್ಣನೊಬ್ಬನ ಹೆಸರು ಮಾತ್ರ ಏಕತ್ರ ಕುಟುಂಬದ ಯಜಮಾನ ಅಂತ ಖಾತೆಯಲ್ಲಿರುತ್ತದೆ, ತಮ್ಮಂದಿರು ನಾಲ್ಕು ಜನ ಇದ್ದರೂ ಕಾಗದದಲ್ಲಿ ಕಾಣುವುದಿಲ್ಲ. ಹಿಸೆ ಆದ ವರ್ಷ ಒಮ್ಮೆಲೇ ಎಲ್ಲರೂ ಪ್ರತ್ಯಕ್ಷ ಆಗುತ್ತಾರೆ, ಅದಕ್ಕೇ ಹಿಸೆ ಪತ್ರ ಅಥವಾ ಪಾಲುಪಟ್ಟಿಯನ್ನು ಬಿಡದೆ ಹುಡುಕಬೇಕು. ಎರಡು, ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಿಂತ ಮೊದಲಿನ ವಾರಸಾ ನಮೂದುಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳ ಹೆಸರು ಅಪರೂಪ. ಆಮೇಲಿನವುಗಳಲ್ಲಿ ಅವರೂ ಬರುತ್ತಾರೆ, ಗಂಡನ ಹೆಸರು ಮತ್ತು ಗಂಡನ ಊರಿನ ಸಮೇತ. ಆ ಊರುಗಳನ್ನು ಗುರುತು ಹಾಕಿಕೊಂಡರೆ ನಿಮ್ಮ ಮನೆಯ ನೆಂಟಸ್ತನ ಎಲ್ಲೆಲ್ಲಿ ಹಬ್ಬಿತ್ತು ಅಂತ ತಿಳಿಯುತ್ತದೆ. ಮೂರು, ದತ್ತು. ಅಪ್ಪನ ಹೆಸರು ಒಂದು ಕಾಗದದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಇದ್ದರೆ ತಪ್ಪು ಬರೆದಿದ್ದಾರೆ ಅಂತ ತೀರ್ಮಾನ ಮಾಡಬೇಡಿ. ನಮ್ಮ ಜಿಲ್ಲೆಯ ಜನಸಂಖ್ಯೆ 1901ರಿಂದ 1921ರವರೆಗೆ ಇಳಿದಿತ್ತು. ಮಲೇರಿಯಾ, ಪ್ಲೇಗು, 1918ರ ಇನ್‌ಫ್ಲುಯೆಂಜಾ ಬಂದು ಹೋದ ಕಾಲ ಅದು. ಮಕ್ಕಳಿಲ್ಲದೆ ಉಳಿದ ಮನೆಗೆ ಅಣ್ಣನ ಮಗನನ್ನೋ ತಂಗಿಯ ಮಗನನ್ನೋ ದತ್ತು ತಂದ ಉದಾಹರಣೆಗಳು ಬೇಕಾದಷ್ಟು.

ಅಂಕೋಲಾ, ಸಿದ್ದಾಪುರ ಕಡೆಯವರಾದರೆ 1930ರ ದಶಕದ ನಮೂದುಗಳನ್ನು ಇನ್ನೊಂದು ಕಣ್ಣಿನಿಂದ ನೋಡಿ. ಸ್ವಾತಂತ್ರ್ಯ ಹೋರಾಟದ ಭಾಗವಾಗಿ ಕಂದಾಯ ಕೊಡುವುದಿಲ್ಲ ಅಂದ ಕರನಿರಾಕರಣೆಯಲ್ಲಿ ಅಲ್ಲಿನ ರೈತರ ಜಮೀನು ಜಪ್ತಿಯಾಗಿ ಹರಾಜಾಯಿತು. 1937ರಲ್ಲಿ ಬೊಂಬಾಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಅವನ್ನು ಹಿಂದಿರುಗಿಸುವ ಕೆಲಸ ನಡೆಯಿತು. ನಿಮ್ಮ ಮುತ್ತಜ್ಜನ ಹೆಸರು 1932ರ ಹೊತ್ತಿಗೆ ಥಟ್ಟನೆ ಮಾಯವಾಗಿ ಯಾರೋ ಹೊರಗಿನವರ ಹೆಸರು ಬಂದು, ಕೆಲವು ವರ್ಷದಲ್ಲಿ ಮತ್ತೆ ಮುತ್ತಜ್ಜನ ಹೆಸರೇ ಬಂದಿದ್ದರೆ, ಅವರು ಆ ಹೋರಾಟದಲ್ಲಿ ಇದ್ದಿರಬಹುದು. ಮನೆಯಲ್ಲಿ ಯಾರೂ ಹೇಳದೇ ಇದ್ದದ್ದು ಹೀಗೆ ಕಂದಾಯದ ಪುಸ್ತಕದಲ್ಲಿ ಸಿಕ್ಕರೆ ಎಷ್ಟು ಹೆಮ್ಮೆ ಅಲ್ವಾ!

ಇಷ್ಟು ಹೊತ್ತು ಹೇಳಿದ್ದೆಲ್ಲ ಜಮೀನು ಸ್ವಂತ ಹೆಸರಲ್ಲಿದ್ದ ಮನೆಗಳಿಗೆ. ಆದರೆ ಕರಾವಳಿಯಲ್ಲಿ ಗದ್ದೆ ಉಳುತ್ತಿದ್ದವರಲ್ಲಿ ಬಹಳ ಜನ ಗೇಣಿಯವರು, ಅಂದರೆ ಬೇರೆಯವರ ಜಮೀನನ್ನು ಗುತ್ತಿಗೆಗೆ ಉಳುವವರು. ಅವರ ಮಕ್ಕಳು, ಮೊಮ್ಮಕ್ಕಳು "ನಮ್ಮ ಹೆಸರಲ್ಲಿ ಏನೂ ಇರಲಿಲ್ಲ, ನಮಗೆಲ್ಲಿ ದಾಖಲೆ" ಅಂದು ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಗೇಣಿಯವರ ಬಗ್ಗೆ ಇರುವ ದಾಖಲೆ ಕೆಲವು ಸಲ ಒಡೆಯರದಕ್ಕಿಂತ ವಿವರವಾಗಿರುತ್ತದೆ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಆ ಅರ್ಜಿಗಳನ್ನು ಭೂ ನ್ಯಾಯಮಂಡಳಿ ವಿಚಾರಣೆ ಮಾಡಿತು. ಆ ಕಡತದಲ್ಲಿ ಏನಿರುತ್ತದೆ ಗೊತ್ತಾ? ಅರ್ಜಿದಾರನ ಹೇಳಿಕೆ, ಒಡೆಯನ ಹೇಳಿಕೆ, ಅಕ್ಕಪಕ್ಕದ ಗದ್ದೆಯವರ ಸಾಕ್ಷಿ. ನನ್ನ ಅಪ್ಪ ಉಳುತ್ತಿದ್ದ, ಅವನಿಗಿಂತ ಮೊದಲು ಅಜ್ಜ ಉಳುತ್ತಿದ್ದ, ಇಷ್ಟು ಮುಡಿ ಗೇಣಿ ಕೊಡುತ್ತಿದ್ದೆವು ಅಂತ ಅವರದೇ ಮಾತು, ಕೆಳಗೆ ಹೆಬ್ಬೆಟ್ಟಿನ ಗುರುತು. ಓದು ಬಾರದ ಒಬ್ಬ ರೈತ ತನ್ನ ಮನೆಯ ಚರಿತ್ರೆಯನ್ನು ತಾನೇ ಹೇಳಿ ಬರೆಸಿದ ಕಾಗದ ಇದೊಂದೇ ಇರಬಹುದು. ತಹಶೀಲ್ದಾರ್ ಕಚೇರಿಯ ಭೂಸುಧಾರಣಾ ವಿಭಾಗದಲ್ಲಿ ಗ್ರಾಮ ಮತ್ತು ಸರ್ವೆ ನಂಬರ್ ಕೊಟ್ಟು ಕೇಳಿ.

ಅದಕ್ಕೂ ಹಿಂದೆ ಹೋಗಬೇಕಾದರೆ ಹಳೇ ಪಹಣಿಯ ಸಾಗುವಳಿದಾರನ ಕಾಲಂ ನೋಡಿ. ಬೊಂಬಾಯಿ ಸರ್ಕಾರದ 1939 ಮತ್ತು 1948ರ ಗೇಣಿ ಕಾಯ್ದೆಗಳು ನಮ್ಮ ಜಿಲ್ಲೆಗೂ ಬಂದಿದ್ದವು, ಸಂರಕ್ಷಿತ ಗೇಣಿದಾರ ಅಂತ ಬರೆದ ನಮೂದುಗಳು ಆ ಕಾಲದವು. ದಿನಕರ ದೇಸಾಯಿಯವರು ಗೇಣಿದಾರರನ್ನು ಒಟ್ಟುಗೂಡಿಸಿದ ಹೋರಾಟ ಇಲ್ಲಿ ನಡೆದದ್ದರಿಂದ ಅಂಕೋಲಾ ಸುತ್ತಿನ ಹಿರಿಯರ ಬಾಯಲ್ಲಿ ಆ ಕಾಲದ ಹೆಸರುಗಳೂ ಸಿಗುತ್ತವೆ. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಚೀಟಿಗಳು ಒಡೆಯರ ಮನೆಯ ಅಟ್ಟದ ಮೇಲಿರಬಹುದು, ದೇವಸ್ಥಾನದ ಜಮೀನಾದರೆ ದೇವಸ್ಥಾನದ ಲೆಕ್ಕದ ಪುಸ್ತಕದಲ್ಲಿ. ಕೇಳಲು ಸಂಕೋಚ ಬೇಡ. ಹಳೇ ಮನಸ್ತಾಪ ಇದ್ದರೂ ಮೂರನೇ ತಲೆಮಾರಿನವರು ಹೋಗಿ ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ಪೆಟ್ಟಿಗೆ ತೆಗೆದು ತೋರಿಸುತ್ತಾರೆ.

ಕಂದಾಯ ಬಿಟ್ಟರೆ ಉಪನೋಂದಣಿ ಕಚೇರಿ. 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಪತ್ರವನ್ನು ನೋಂದಣಿ ಮಾಡಿಸಲೇಬೇಕು ಅನ್ನುವ ಕಾನೂನು ಬ್ರಿಟಿಷರ ಕಾಲದ್ದು. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ, ನೀವು ಆಸ್ತಿಯ ಸೂಚಿಯಿಂದಲೇ ಶುರುಮಾಡಿ. ಅಡವು ಪತ್ರಗಳನ್ನೂ ಓದಿ, ಮಗಳ ಮದುವೆಗೆ ಅಂತಲೋ ಕೋರ್ಟು ಖರ್ಚಿಗೆ ಅಂತಲೋ ಸಾಲದ ಕಾರಣ ಬರೆದಿರುತ್ತಾರೆ. ಚಕ್‌ಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಮಾತ್ರ ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ ಅಂತ ಬರೆದ ಜಾಗದಲ್ಲಿ ನೆರೆಯವರ ಹೆಸರು ಇರುತ್ತದಲ್ಲ, ಒಂದೇ ಹೆಸರಿನ ಇಬ್ಬರಲ್ಲಿ ನಿಮ್ಮವರು ಯಾರು ಅಂತ ಬೇರ್ಪಡಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಮನೆಯಲ್ಲಿ ಹಿಸೆ ದಾವೆ ನಡೆದಿದ್ದರೆ ಕೋರ್ಟಿನ ಕಡತ ಹುಡುಕಿ. ದಾವೆಯ ಜೊತೆ ವಂಶವೃಕ್ಷ ಲಗತ್ತಿಸಿರುತ್ತಾರೆ, ಎದುರು ಪಾರ್ಟಿ ಅದನ್ನು ಒಪ್ಪಿರುತ್ತಾರೆ ಇಲ್ಲವೇ ತಕರಾರು ಎತ್ತಿರುತ್ತಾರೆ, ಹಾಗಾಗಿ ನಂಬಲೂ ಬರುತ್ತದೆ. ಕಾಳಿ ಜಲವಿದ್ಯುತ್ ಯೋಜನೆ, ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ ಇವುಗಳಿಗೆ ಜಮೀನು ಹೋದ ಮನೆಯವರಿಗೆ ಭೂಸ್ವಾಧೀನದ ಅವಾರ್ಡ್ (ಪರಿಹಾರದ ಆದೇಶ) ಇದೆ. ಪರಿಹಾರ ಹಂಚಬೇಕಾದ್ದರಿಂದ ಅದರಲ್ಲಿ ವಾರಸುದಾರರನ್ನು ಬಿಡದೆ ಬರೆದಿರುತ್ತಾರೆ. ಸೂಪಾ ಅಣೆಕಟ್ಟಿನಲ್ಲಿ ಹಳೇ ಸೂಪಾ ಊರೇ ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಆ ಕಡೆಯವರು ಜೋಯಿಡಾದಲ್ಲಿ ಕೇಳಬೇಕು.

ತಾಲೂಕಿನ ವಿಷಯ ಬಂತು ಅಂತ ಹೇಳುತ್ತೇನೆ. ಇವತ್ತಿನ ತಾಲೂಕು ನಕ್ಷೆ ತಲೆಯಲ್ಲಿಟ್ಟುಕೊಂಡು ಹಳೇ ಕಾಗದ ಹುಡುಕಬೇಡಿ. ಭಟ್ಕಳ ಮೊದಲು ಹೊನ್ನಾವರಕ್ಕೆ ಸೇರಿದ ಪೇಟಾ (ತಾಲೂಕಿನ ಉಪವಿಭಾಗ), ಮುಂಡಗೋಡ ಯಲ್ಲಾಪುರಕ್ಕೆ ಸೇರಿದ್ದು. ಜಿಲ್ಲೆಯೂ ಹಾಗೆಯೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ (ಇವತ್ತಿನ ಉತ್ತರ ಕನ್ನಡ ಮತ್ತು ಅದರ ದಕ್ಷಿಣದ ಕರಾವಳಿ) ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರ ಭಾಗ ಮಾತ್ರ ಬೊಂಬಾಯಿಗೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಈ ಮೂರು ವರ್ಷ ನೆನಪಿಟ್ಟುಕೊಂಡರೆ ಯಾವ ಕಾಗದಕ್ಕೆ ಯಾವ ಊರಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. 1862ಕ್ಕಿಂತ ಹಿಂದಿನ ಸರ್ಕಾರಿ ಪತ್ರಗಳಿಗೆ ಚೆನ್ನೈನ ತಮಿಳುನಾಡು ಪತ್ರಾಗಾರ, ಆಮೇಲಿನದಕ್ಕೆ ಮುಂಬೈಯ ಮಹಾರಾಷ್ಟ್ರ ಪತ್ರಾಗಾರ. ತೀರಾ ಅಷ್ಟು ದೂರ ಹೋಗುವ ಮೊದಲು ಕಾರವಾರದ ಜಿಲ್ಲಾಧಿಕಾರಿ ಕಚೇರಿ ಮತ್ತು ಧಾರವಾಡದ ರಾಜ್ಯ ಪತ್ರಾಗಾರ ವಿಭಾಗ ಮುಗಿಸಿಕೊಳ್ಳಿ.

1800ರ ಸುತ್ತಿನ ಕಾಲಕ್ಕೆ ನೇರವಾಗಿ ನಿಮ್ಮ ಮನೆಯ ಹೆಸರು ಸಿಗುವುದು ಕಷ್ಟ. ಆದರೆ ಆ ಕಾಲದ ಬದುಕು ಸಿಗುತ್ತದೆ. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಶಾನುಭೋಗರ ಕಪ್ಪು ಕಡತಗಳನ್ನು ತರಿಸಿ ಹಳೇ ಕಂದಾಯದ ಲೆಕ್ಕ ನೋಡಿದ. 1801ರಲ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಹೊನ್ನಾವರ, ಗೋಕರ್ಣ, ಸದಾಶಿವಗಡ, ಯಲ್ಲಾಪುರ, ಸೋಂದಾ, ಶಿರಸಿ ದಾರಿಯಲ್ಲಿ ಬಂದು ಅಡಿಕೆ, ಮೆಣಸು, ಭತ್ತದ ಬೇಸಾಯದ ಬಗ್ಗೆ ಊರೂರಲ್ಲಿ ಕೇಳಿ ಬರೆದುಕೊಂಡ. 1883ರ ಬೊಂಬಾಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಪ್ರತಿ ಸಮುದಾಯದ ಬಗ್ಗೆಯೂ ಪುಟಗಟ್ಟಲೆ ಇದೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಓದಬಹುದು, ಆದರೆ ಜಾತಿಗಳ ಸ್ವಭಾವದ ಬಗ್ಗೆ ಅದರಲ್ಲಿ ಬರೆದದ್ದನ್ನು ಹಾಗೇ ನಂಬಬೇಡಿ. ಕಾರವಾರ ಕಡೆಯ ಜಮೀನಿನ ಹಕ್ಕು ಹೇಗಿತ್ತು ಅಂತ ಆಳವಾಗಿ ತಿಳಿಯಬೇಕಾದರೆ 1875ರಲ್ಲಿ ಬೊಂಬಾಯಿ ಹೈಕೋರ್ಟು ತೀರ್ಮಾನಿಸಿದ ವೈಕುಂಠ ಬಾಪೂಜಿ ಪ್ರಕರಣದ ತೀರ್ಪು ಹುಡುಕಿ. ಸರ್ಕಾರ ಕಂದಾಯ ಏರಿಸಬಹುದೇ ಅಂತ ಒಬ್ಬ ಜಮೀನುದಾರ ಎತ್ತಿದ ಪ್ರಶ್ನೆ, ಅದಕ್ಕೆ ಉತ್ತರ ಕೊಡಲು ಕೋರ್ಟು ಕೆನರಾದ ಜಮೀನಿನ ಚರಿತ್ರೆಯನ್ನೇ ಕೆದಕಿತು.

ಶಾನುಭೋಗರ ಕಪ್ಪು ಕಡತ ಅಂದೆನಲ್ಲ, ಅಂಥದ್ದು ನಿಮ್ಮ ಮನೆಯಲ್ಲೇ ಇರಬಹುದು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಲ್ಲಿ ಬರೆದದ್ದು. ಒರೆಸಬೇಡಿ, ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಬರೆದದ್ದೆಲ್ಲ ಹೋಗಿಬಿಡುತ್ತದೆ. ಬೆಳಗ್ಗೆಯ ಓರೆ ಬೆಳಕಿನಲ್ಲಿ ಒಂದೊಂದೇ ಮಡಿಕೆ ತೆಗೆದು ಫೋಟೋ ಹೊಡೆಯಿರಿ. ಅಕ್ಷರ ಮೋಡಿಯಲ್ಲಿ (ಹಳೇ ಕೂಡುಬರಹದ ಲಿಪಿ) ಇದ್ದರೆ, ಕಾರವಾರ, ಹಳಿಯಾಳ ಕಡೆ ಮರಾಠಿಯೂ ಇರಬಹುದು, ಧಾರವಾಡದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರನ್ನು ಕೇಳಿ.

ಇಂಥ ಕಾಗದದಲ್ಲಿ ಇಸವಿ ಇರುವುದಿಲ್ಲ, ಶಾಲಿವಾಹನ ಶಕ ಮತ್ತು ಸಂವತ್ಸರದ ಹೆಸರು ಇರುತ್ತದೆ. ಶಕಕ್ಕೆ 78 ಕೂಡಿಸಿ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಕ್ರೋಧಿ ಸಂವತ್ಸರ 2024ರಲ್ಲಿ ಬಂದಿತ್ತು, ಅದಕ್ಕೂ ಮೊದಲು 1964, 1904, 1844. ಶಕ 1826, ಕ್ರೋಧಿ ಅಂತ ಇದ್ದರೆ 1904ರ ಯುಗಾದಿಯಿಂದ 1905ರ ಯುಗಾದಿಯೊಳಗೆ. ಎರಡೂ ತಾಳೆಯಾಗದಿದ್ದರೆ ಅಂಕೆಗಿಂತ ಸಂವತ್ಸರದ ಹೆಸರನ್ನು ನಾನು ಜಾಸ್ತಿ ನಂಬುತ್ತೇನೆ, ಯಾಕೆಂದರೆ ಆಗಿನವರ ಬಾಯಲ್ಲಿ ದಿನವೂ ಇದ್ದದ್ದು ಅದು.

ಕ್ರೈಸ್ತ ಮನೆತನದವರಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ ಪುಸ್ತಕಗಳಿವೆ. ಗೋವೆಯಿಂದ ಬಂದ ಕೊಂಕಣಿ ಮನೆಗಳವರು, ಕುಲದೇವರು ಗೋವೆಯಲ್ಲಿದ್ದರೆ, ಆ ದೇವಸ್ಥಾನದಲ್ಲಿ ಮಹಾಜನರ (ದೇವಸ್ಥಾನದ ಹಕ್ಕುದಾರ ಮನೆತನದವರ) ಪಟ್ಟಿ ಕೇಳಬಹುದು. ಎಲ್ಲರಿಗೂ ಆಗುವುದು ಊರ ಕನ್ನಡ ಶಾಲೆಯ ದಾಖಲಾತಿ ಪುಸ್ತಕ, ಶತಮಾನ ಕಂಡ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹುಟ್ಟಿದ ತಾರೀಕು ಜೂನ್ 1 ಅಂತಿದ್ದರೆ ಅದು ಮಾಸ್ತರರು ಹಾಕಿದ್ದು, ವರ್ಷವನ್ನು ಮಾತ್ರ ಅಂದಾಜಿಗೆ ತೆಗೆದುಕೊಳ್ಳಿ.

ಅರಣ್ಯ ಹಕ್ಕಿನ ಅರ್ಜಿ ಹಾಕಿದ ಮನೆಗಳಿಗೆ ಈ ಕೆಲಸ ಇನ್ನೂ ತುರ್ತಿನದು. 2006ರ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರು ಅಂತ ತೋರಿಸಬೇಕು. ಸರ್ಕಾರಿ ದಾಖಲೆ, ಗೆಜೆಟಿಯರ್, ಮತದಾರರ ಪಟ್ಟಿ, ಕೋರ್ಟಿನ ಕಾಗದ, ಊರ ಹಿರಿಯರ ಲಿಖಿತ ಹೇಳಿಕೆ ಇವೆಲ್ಲವನ್ನೂ ನಿಯಮಗಳು ಸಾಕ್ಷ್ಯವಾಗಿ ಒಪ್ಪುತ್ತವೆ. ಹಿರಿಯರು ಇರುವಾಗಲೇ ಹೇಳಿಕೆ ಬರೆಸಿಕೊಳ್ಳಿ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪತ್ರ ಇದಕ್ಕೆ ಸಾಲುವುದಿಲ್ಲ, ಅದು ಈಗಿನ ವಾರಸುದಾರರ ಮಟ್ಟಿಗೆ ಇರುವ ಕಾಗದ.

ಬರೆಯುವಾಗ ಒಂದು ಶಿಸ್ತು ಇಟ್ಟುಕೊಳ್ಳಿ. ಪ್ರತಿ ಹೆಸರಿನ ಮುಂದೆ ಅದು ಎಲ್ಲಿ ಸಿಕ್ಕಿತು ಅಂತ ಗ್ರಾಮ, ಸರ್ವೆ ನಂಬರ್, ಮ್ಯುಟೇಶನ್ ನಂಬರ್, ವರ್ಷ ಬರೆಯಿರಿ. ಬಾಯಿಮಾತಾದರೆ ಯಾರು ಹೇಳಿದ್ದು ಅಂತ ಬರೆಯಿರಿ. ಅಪ್ಪ ಮಗ ಅಂತ ತೋರಿಸುವ ಕಾಗದ ಇಲ್ಲದ ಕಡೆ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ. ಮೂಲ ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ನಮ್ಮ ಮಳೆಗಾಲದ ತಂಡಿ ಒಳಗೇ ಸಿಕ್ಕಿಕೊಂಡು ಬೂಸ್ಟು ಹಿಡಿಯುತ್ತದೆ. ಬಿಸಿಲು ಕಾಲದಲ್ಲಿ ನೆರಳಲ್ಲಿ ಒಣಗಿಸಿ, ಶುಭ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಬಾರದ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಫೋಟೋಗಳ ಒಂದೊಂದು ಪ್ರತಿಯನ್ನು ಹಿಸೆಯಾಗಿ ಬೇರೆ ಹೋದ ಮನೆಗಳಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗಳಿಗೂ ಕಳಿಸಿ. ಅವರ ಪೆಟ್ಟಿಗೆಯಲ್ಲಿರುವ ಕಾಗದ ಹೊರಗೆ ಬರುವುದು ನೀವು ನಿಮ್ಮದನ್ನು ಕೊಟ್ಟ ಮೇಲೆ.